ಹಿಂದಿನ ಶಿಲ್ಕು ಸರಿಯಾಗಿ ಬಂತೇ?

ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಶಾಖೆಯ ಮುಂದಿನ ಫಲಕವನ್ನು ಬದಲಿಸುವುದು ಒಂದು ದಿನದ ಕೆಲಸ. ಆದರೆ ಹಳೆಯ ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತಗಳು ಚಲಾವಣೆ ಕಳೆದುಕೊಂಡದ್ದು ಹದಿನೈದು ತಿಂಗಳ ನಂತರ, 2021ರ ಜುಲೈ 1ರಂದು. ಹೊಸ ಸಂಕೇತವನ್ನು ಕಂಡುಕೊಳ್ಳಲು ಬ್ಯಾಂಕು ಗ್ರಾಹಕರಿಗೆ ಕೊಟ್ಟ ಸೂತ್ರ ಬಹಳ ಸರಳವಾಗಿತ್ತು. ಮೊದಲ ನಾಲ್ಕು ಅಕ್ಷರಗಳಾದ ‘ಎಸ್‌ವೈಎನ್‌ಬಿ’ಯ ಬದಲು ‘ಸಿಎನ್‌ಆರ್‌ಬಿ’ ಎಂದು ಬರೆಯಿರಿ; ಉಳಿದ ಸಂಖ್ಯೆಗೆ 10,000 ಕೂಡಿಸಿ.

ಈ ಪುಟ್ಟ ಸೂತ್ರದ ಹಿಂದೆ ದೊಡ್ಡ ವಿವೇಕವಿದೆ. ಪ್ರತಿಯೊಂದು ಬ್ಯಾಂಕೂ ತನ್ನ ಶಾಖೆಗಳಿಗೆ ತಾನೇ ಕ್ರಮಸಂಖ್ಯೆ ಕೊಟ್ಟುಕೊಂಡಿರುತ್ತದೆ. ಎರಡು ಬ್ಯಾಂಕುಗಳು ಒಂದಾದಾಗ ಒಂದೇ ಸಂಖ್ಯೆಗೆ ಎರಡು ಶಾಖೆಗಳು ಹಕ್ಕು ಸಾಧಿಸುತ್ತವೆ. ಬಂದವರ ಸಂಖ್ಯೆಗೆಲ್ಲ 10,000 ಸೇರಿಸಿಬಿಟ್ಟರೆ 1234ನೇ ಶಾಖೆ 11234 ಆಗುತ್ತದೆ; ಯಾರ ದಾರಿಗೂ ಯಾರೂ ಅಡ್ಡ ಬರುವುದಿಲ್ಲ. ಸೂತ್ರ ಗೊತ್ತಿದ್ದ ಗ್ರಾಹಕ ಪೆನ್ಸಿಲ್ ಹಿಡಿದು ತನ್ನ ಹೊಸ ಸಂಕೇತವನ್ನು ತಾನೇ ಬರೆದುಕೊಳ್ಳಬಹುದು. ಮಂಗಳೂರಿನಲ್ಲಿ 1931ರಲ್ಲಿ ಆರಂಭವಾದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿದಾಗ ಅನುಸರಿಸಿದ ದಾರಿ ಬೇರೆ. ಅಲ್ಲಿ ಹೊಸ ಸಂಕೇತದ ನಡುವೆ ‘ವಿಜೆ’ ಎಂಬ ಎರಡು ಅಕ್ಷರಗಳನ್ನು ಇಟ್ಟರು. ಬ್ಯಾಂಕಿನ ಹೆಸರು ಹೋಯಿತು, ಗುರುತು ಸಂಕೇತದೊಳಗೆ ಉಳಿಯಿತು.

ಸಂಕೇತವೇನೋ ಬದಲಾಯಿತು. ಆದರೆ ಅದು ಬ್ಯಾಂಕಿನ ಕಂಪ್ಯೂಟರಿನಲ್ಲಿ ಮಾತ್ರ ಇರಲಿಲ್ಲವಲ್ಲ. ಸಂಬಳ ಕೊಡುವ ಕಚೇರಿಯಲ್ಲಿ, ಪಿಂಚಣಿ ಇಲಾಖೆಯಲ್ಲಿ, ವಿಮಾ ಕಂಪನಿಯಲ್ಲಿ, ದುಬೈನಿಂದ ಹಣ ಕಳಿಸುವ ಮಗನ ಡೈರಿಯಲ್ಲಿ, ಸಹಕಾರ ಸಂಘದ ಕಡತದಲ್ಲಿ ಎಲ್ಲೆಡೆ ಬರೆದಿಟ್ಟ ಹಳೆಯ ಸಂಕೇತವನ್ನು ಬದಲಿಸುವ ಹೊಣೆ ಯಾರದು? ಸೂತ್ರ ರಚಿಸಿದವರಿಗೆ ಅದು ಒಂದು ಕೂಡುವ ಲೆಕ್ಕ. ಸೂತ್ರದ ಸುದ್ದಿಯೇ ತಲುಪದವರಿಗೆ ಅದು ಬಾರದೇ ಹೋದ ಹಣ.

ದೊಡ್ಡ ಸಂಸ್ಥೆಗಳು ಹಳೆಯ ತಂತ್ರಾಂಶವನ್ನು ಬಿಟ್ಟು ಹೊಸದಕ್ಕೆ ಹೋಗುವಾಗ ನಡೆಯುವ ಈ ಸ್ಥಳಾಂತರವನ್ನು ನಾವು ತಾಂತ್ರಿಕ ವಿಷಯವೆಂದು ಬದಿಗಿಟ್ಟಿದ್ದೇವೆ. ‘ಸಿಸ್ಟಂ ಅಪ್‌ಗ್ರೇಡ್ ಆಗುತ್ತಿದೆ, ಸೋಮವಾರ ಬನ್ನಿ’ ಎಂಬ ಚೀಟಿಯನ್ನು ಕಂಡು ಮನೆಗೆ ಮರಳುತ್ತೇವೆ. ಆ ಶನಿವಾರ ಮತ್ತು ಭಾನುವಾರಗಳಲ್ಲಿ ನಮ್ಮ ಹೆಸರು, ಹುಟ್ಟಿದ ದಿನ, ಜಮೀನಿನ ವಿಸ್ತೀರ್ಣ, ಸಾಲದ ಬಾಕಿ ಇವೆಲ್ಲವೂ ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಹೋಗುತ್ತಿರುತ್ತವೆ. ಹಾಗೆ ಹೋಗುವಾಗ ಏನನ್ನು ಉಳಿಸಬೇಕು, ಏನನ್ನು ಕತ್ತರಿಸಬೇಕು, ಖಾಲಿ ಇದ್ದಲ್ಲಿ ಏನನ್ನು ತುಂಬಬೇಕು ಎಂಬ ತೀರ್ಮಾನಗಳನ್ನು ಯಾರೋ ತೆಗೆದುಕೊಂಡಿರುತ್ತಾರೆ. ಆ ತೀರ್ಮಾನಗಳು ನಮ್ಮ ಬದುಕಿಗೆ ಸಂಬಂಧಿಸಿದವು. ಅವುಗಳನ್ನು ನಮ್ಮನ್ನು ಕೇಳದೆ ಮಾಡಲಾಗುತ್ತಿದೆ ಎಂಬುದು ಈ ಲೇಖನದ ಆಕ್ಷೇಪ.

ಗೆರೆ ಎಳೆದ ಪುಸ್ತಕ

ಡೇಟಾಬೇಸ್‌ನ ‘ಸ್ಕೀಮಾ’ ಎಂಬ ಮಾತು ಗಾಬರಿ ಹುಟ್ಟಿಸಬೇಕಾಗಿಲ್ಲ. ಹಳೆಯ ಕಚೇರಿಗಳ ಖಾತೆ ಪುಸ್ತಕವನ್ನು ನೆನಪಿಸಿಕೊಂಡರೆ ಸಾಕು. ಪುಟದಲ್ಲಿ ಎಷ್ಟು ಕಾಲಂ ಇರಬೇಕು, ಯಾವುದರಲ್ಲಿ ಹೆಸರು, ಯಾವುದರಲ್ಲಿ ತಾರೀಖು, ಯಾವುದರ ಅಗಲ ಎಷ್ಟು, ಯಾವುದನ್ನು ಖಾಲಿ ಬಿಡಕೂಡದು ಎಂದು ಮೊದಲೇ ಗೆರೆ ಎಳೆದಿಟ್ಟ ವ್ಯವಸ್ಥೆಯೇ ಸ್ಕೀಮಾ. ಅದರಲ್ಲಿ ತುಂಬಿದ ಬರಹ ದತ್ತಾಂಶ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಗೆರೆಗಳು ಬದಲಾಗುತ್ತವೆ. ಒಂದು ಕಾಲಂ ಎರಡಾಗುತ್ತದೆ, ಎರಡು ಸೇರಿ ಒಂದಾಗುತ್ತವೆ, ಮತ್ತೊಂದು ಮಾಯವಾಗುತ್ತದೆ. ಹಳೆಯ ಬರಹವನ್ನೆಲ್ಲ ಹೊಸ ಗೆರೆಗಳ ನಡುವೆ ಕೂರಿಸಬೇಕಾಗುತ್ತದೆ.

ಹಳೆಯ ಲೆಕ್ಕಿಗರು ವರ್ಷಾಂತ್ಯದಲ್ಲಿ ಇದೇ ಕೆಲಸ ಮಾಡುತ್ತಿದ್ದರು. ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ‘ಹಿಂದಿನ ಶಿಲ್ಕು’ ಎಂದು ಬರೆದು, ಹಳೆಯ ಪುಸ್ತಕದ ಕೊನೆಯ ಮೊತ್ತದೊಡನೆ ತಾಳೆ ನೋಡಿ, ಸರಿಯಿದ್ದರೆ ಮಾತ್ರ ಮುಂದುವರಿಯುತ್ತಿದ್ದರು. ಆ ಪುಸ್ತಕಗಳಲ್ಲಿ ಇನ್ನೊಂದು ಅಮೂಲ್ಯ ವಸ್ತುವಿತ್ತು: ಕೊನೆಯ ಕಾಲಂ, ಅಂದರೆ ‘ಷರಾ’. ಗೆರೆಗಳೊಳಗೆ ಹಿಡಿಸದ ಸತ್ಯಗಳೆಲ್ಲ ಅಲ್ಲಿ ಸೇರುತ್ತಿದ್ದವು. ‘ಖಾತೆದಾರ ಮೃತ, ಮಗ ಕಟ್ಟುತ್ತಿದ್ದಾನೆ’, ‘ನ್ಯಾಯಾಲಯದಲ್ಲಿ ವ್ಯಾಜ್ಯವಿದೆ’, ‘ಹೆಸರು ತಿದ್ದುಪಡಿಯಾಗಿದೆ, ಕಡತ ನೋಡಿ’ ಎಂಬಂಥ ಸಾಲುಗಳು. ಹೊಸ ತಂತ್ರಾಂಶಗಳಲ್ಲಿ ಷರಾಕ್ಕೆ ಸ್ಥಳ ಕಡಿಮೆ. ಇದ್ದರೂ ಅದನ್ನು ಓದುವ ಕ್ರಮವಿಧಿ ಇರುವುದಿಲ್ಲ. ಸ್ಥಳಾಂತರದ ಸಮಯದಲ್ಲಿ ಮೊದಲು ಕೈಬಿಟ್ಟುಹೋಗುವುದು ಅದೇ.

ಖಾಲಿ ಬಿಡಬಾರದ ಕಾಲಂ

ನಮ್ಮ ರಾಜ್ಯದಲ್ಲಿ ಒಂದು ತಲೆಮಾರಿನ ಅಸಂಖ್ಯ ಜನರ ಹುಟ್ಟುಹಬ್ಬ ಜೂನ್ 1 ಎಂಬುದು ಎಲ್ಲರೂ ಬಲ್ಲ ತಮಾಷೆ. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆತಾಯಿಗೆ ಹುಟ್ಟಿದ ತಾರೀಖು ಗೊತ್ತಿಲ್ಲ. ದಾಖಲಾತಿ ಪುಸ್ತಕದ ಕಾಲಂ ಖಾಲಿ ಬಿಡುವಂತಿಲ್ಲ. ಮೇಷ್ಟರು ಶಾಲೆ ತೆರೆಯುವ ತಿಂಗಳಿಗೆ ಹೊಂದುವಂತೆ ಒಂದು ದಿನ ಬರೆದರು. ಬರೆದವರಿಗೆ ಅದು ಅಂದಾಜೆಂದು ಗೊತ್ತಿತ್ತು. ಕಾಲಾಂತರದಲ್ಲಿ ಆ ಅಂದಾಜು ಅಂಕಪಟ್ಟಿಗೆ, ಅಲ್ಲಿಂದ ಸೇವಾ ಪುಸ್ತಕಕ್ಕೆ, ಅಲ್ಲಿಂದ ಪಿಂಚಣಿಯ ಕಂಪ್ಯೂಟರಿಗೆ ದಾಟಿತು. ಪ್ರತಿ ದಾಟುವಿಕೆಯಲ್ಲೂ ಅದರ ಅನುಮಾನ ಸವೆದು, ಕೊನೆಗೆ ಪ್ರಶ್ನಾತೀತ ಸತ್ಯವಾಗಿ ನಿಂತಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆಯಲು ಪುಸ್ತಕ ಅವಕಾಶ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ತಂತ್ರಾಂಶ ಬಲ್ಲವರು ‘ಖಾಲಿ’ಗೂ ‘ಸೊನ್ನೆ’ಗೂ ಇರುವ ಅಂತರವನ್ನು ಮೊದಲ ಪಾಠದಲ್ಲೇ ಕಲಿಯುತ್ತಾರೆ. ಸಾಲದ ಬಾಕಿ ಸೊನ್ನೆ ಎಂದರೆ ಋಣ ತೀರಿತು ಎಂದರ್ಥ. ಖಾಲಿ ಎಂದರೆ ಬಾಕಿ ಎಷ್ಟೆಂದು ತಿಳಿದಿಲ್ಲ ಎಂದರ್ಥ. ಹೊಸ ಸ್ಕೀಮಾ ಖಾಲಿಯನ್ನು ಒಪ್ಪದಿದ್ದಾಗ ಅವಸರದ ಕೈಗಳು ಸೊನ್ನೆ ತುಂಬುತ್ತವೆ. ತಾರೀಖಿನ ಕಾಲಂ ಆದರೆ 1900ರ ಜನವರಿ 1. ಯಂತ್ರ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ನೂರು ವರ್ಷ ದಾಟಿದ ಮುದುಕರು ಪಟ್ಟಿಯಲ್ಲಿ ಹೀಗೂ ಹುಟ್ಟಿಕೊಳ್ಳುತ್ತಾರೆ.

ಹೆಸರಿನ ಕಥೆಯೂ ಇದಕ್ಕೆ ಹೊರತಲ್ಲ. ಹಳೇ ಮೈಸೂರು ಭಾಗದಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳ ಹಿಂದೆ ಒಂದೇ ಹೆಸರು ನಿಂತಿರುತ್ತದೆ. ಮನೆತನದ ಹೆಸರೆಂಬುದು ಇರುವುದಿಲ್ಲ. ಪಶ್ಚಿಮ ದೇಶಗಳಲ್ಲಿ ಸಿದ್ಧವಾದ ತಂತ್ರಾಂಶ ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂಬ ಎರಡು ಕಾಲಂಗಳನ್ನೂ ಕಡ್ಡಾಯ ಮಾಡುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ನಮ್ಮವರಿಗೆ ಅಮೆರಿಕದ ವೀಸಾ ಬರುವಾಗ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದಿರುತ್ತದೆ. ‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಸಂಕ್ಷೇಪ ಅದು. ಅಲ್ಲಿನ ಇತರ ಕಚೇರಿಗಳು ಅದನ್ನೇ ಹೆಸರೆಂದು ತಿಳಿದು ಮುಂದಕ್ಕೆ ನಕಲು ಮಾಡಿಕೊಳ್ಳುವುದುಂಟು. ಷರಾದಲ್ಲಿ ಇರಬೇಕಾದ ಮಾತು ಹೆಸರಿನ ಕಾಲಂಗೆ ನುಗ್ಗಿದರೆ ಆಗುವುದು ಹೀಗೆ.

ಬೆಂಗಳೂರು ಈ ಬಗೆಯ ಸಮಸ್ಯೆಗೆ ಋಣಿಯೂ ಆಗಿದೆ ಎಂಬುದನ್ನು ಮರೆಯುವಂತಿಲ್ಲ. ಜಾಗ ಉಳಿಸಲೆಂದು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುತ್ತಿದ್ದ ಹಳೆಯ ಕಂಪ್ಯೂಟರ್‌ಗಳಿಗೆ 2000ನೇ ಇಸವಿ ಕಂಟಕವಾಗಿ ಕಂಡಿತು. ‘00’ ಎಂದರೆ 1900ರೋ 2000ರೋ ಎಂದು ಯಂತ್ರಕ್ಕೆ ತಿಳಿಯದು. ಆ ಎರಡು ಅಂಕಿಗಳನ್ನು ನಾಲ್ಕಕ್ಕೆ ಹಿಗ್ಗಿಸುವ, ಇಲ್ಲವೇ ಅರ್ಥ ತಪ್ಪದಂತೆ ಕ್ರಮವಿಧಿ ತಿದ್ದುವ ಕೆಲಸವೇ ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿಗಳಿಗೆ ಜಗತ್ತಿನ ಬಾಗಿಲು ತೆರೆಯಿತು. ಪರರ ಪುಸ್ತಕದ ಕಾಲಂ ಅಗಲ ಮಾಡಿ ಹೆಸರು ಗಳಿಸಿದ ಊರು ತನ್ನ ನಾಡಿನ ಪುಸ್ತಕಗಳ ವಿಚಾರದಲ್ಲಿ ಅಷ್ಟೇ ಎಚ್ಚರ ತೋರಬೇಕೆಂದು ಬಯಸುವುದು ಅತಿಯಾಸೆಯಲ್ಲ.

ಎರಡು ಎಕರೆ ಇಪ್ಪತ್ತು ಗುಂಟೆ

ಕರ್ನಾಟಕದ ‘ಭೂಮಿ’ ಯೋಜನೆ ಈ ಸಹಸ್ರಮಾನದ ಆರಂಭದಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿ ಅಮಾನ್ಯವಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಪ್ರತಿ ಸಿಗತೊಡಗಿತು. ದೇಶವೇ ತಿರುಗಿ ನೋಡಿದ ಸಾಧನೆ ಅದು. ಶಾನುಭೋಗರ ಕಾಲದಿಂದ ಬಂದ ಪುಸ್ತಕವನ್ನು ಯಂತ್ರಕ್ಕೆ ಒಪ್ಪಿಸುವುದು ಎಷ್ಟು ಸೂಕ್ಷ್ಮದ ಕೆಲಸವೆಂದು ತಿಳಿಯಲು ವಿಸ್ತೀರ್ಣದ ಒಂದು ಕಾಲಂ ಸಾಕು.

ನಮ್ಮಲ್ಲಿ 40 ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ ‘2-20’ ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಎಕರೆ, ಗುಂಟೆ ತಿಳಿಯದ ಒಬ್ಬ ಕ್ರಮವಿಧಿಗಾರ ಹೊಸ ಸ್ಕೀಮಾದಲ್ಲಿ ವಿಸ್ತೀರ್ಣಕ್ಕೆ ದಶಮಾಂಶದ ಒಂದೇ ಕಾಲಂ ಇಟ್ಟನೆನ್ನಿ. ‘2-20’ ಅಲ್ಲಿ ‘2.20’ ಆಗುತ್ತದೆ. ಕಣ್ಣಿಗೆ ಎರಡೂ ಒಂದೇ. ಆದರೆ 2.20 ಎಕರೆ ಎಂದರೆ ಎರಡು ಎಕರೆ ಎಂಟು ಗುಂಟೆ. ಗದ್ದೆಯ ಬದುವನ್ನು ಯಾರೂ ಸರಿಸದೆ ರೈತನ 12 ಗುಂಟೆ ಲೆಕ್ಕದಿಂದ ಮಾಯವಾಯಿತು. 1-30 ಮತ್ತು 1-30 ಕೂಡಿದರೆ ರೈತನ ಲೆಕ್ಕಕ್ಕೆ 3-20. ದಶಮಾಂಶದ ಲೆಕ್ಕಕ್ಕೆ 2.60. ಗುಂಟೆಗೆ 16 ಆಣೆ ಎಂಬ ವಿಭಾಗವನ್ನೂ ‘ಅ’ ಖರಾಬು, ‘ಬ’ ಖರಾಬು ಎಂಬ ವ್ಯತ್ಯಾಸವನ್ನೂ ಸೇರಿಸಿದರೆ, ಒಂದು ಕಾಲಂನ ಗೆರೆ ಎಳೆಯಲು ಕಂದಾಯ ಇಲಾಖೆಯ ಹಳಬರು ಪಕ್ಕದಲ್ಲಿ ಕೂರಲೇಬೇಕೆಂಬುದು ಸ್ಪಷ್ಟವಾಗುತ್ತದೆ.

ಯಂತ್ರ ನಿಷ್ಠೆಯಿಂದ ನಕಲು ಮಾಡಿದರೂ ಸಮಸ್ಯೆ ಮುಗಿಯುವುದಿಲ್ಲ. ಕಾಗದದ ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರಿದ್ದರೆ ಕಂಪ್ಯೂಟರಿನಲ್ಲೂ ಅಜ್ಜನೇ ಮಾಲೀಕ. ಇತ್ತೀಚೆಗೆ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ಮೃತರ ಹೆಸರಿನಲ್ಲೇ ಉಳಿದ ಖಾತೆಗಳು ದೊಡ್ಡ ಸಂಖ್ಯೆಯಲ್ಲಿ ಕಂಡುಬಂದವು. ಅದರ ಬೆನ್ನಲ್ಲೇ ಪೌತಿ ಖಾತೆಯ ಆಂದೋಲನ ಹಮ್ಮಿಕೊಳ್ಳಬೇಕಾಯಿತು. ಸ್ಥಳಾಂತರ ಎಂಬುದು ಹಳೆಯ ತಪ್ಪನ್ನು ಹೊಸ ಮನೆಗೆ ಸಾಗಿಸುವ ಬಂಡಿಯೂ ಆಗಬಲ್ಲದು. ತಪ್ಪನ್ನು ಗುರುತಿಸಿ ತಿದ್ದುವ ಅಪರೂಪದ ಅವಕಾಶವೂ ಅದೇ.

ಕತ್ತರಿಸಿದ ಗುಡಿಸು

ಕನ್ನಡದ ದತ್ತಾಂಶಕ್ಕೆ ಇನ್ನೊಂದು ವಿಶೇಷ ಕಷ್ಟವಿದೆ. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ನಮ್ಮ ಕಚೇರಿಗಳಲ್ಲಿ ಕನ್ನಡವನ್ನು ಅಕ್ಷರಗಳಾಗಿ ಅಲ್ಲ, ಅಕ್ಷರದ ಚೂರುಗಳಾಗಿ ಶೇಖರಿಸಲಾಗುತ್ತಿತ್ತು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಇದ್ದ ಸಂಕೇತಗಳ ಮೇಲೆ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಚಿತ್ರಗಳನ್ನು ಕೂರಿಸಿದ ವ್ಯವಸ್ಥೆ ಅದು. ಆ ಅಕ್ಷರಶೈಲಿ ಇದ್ದ ಯಂತ್ರದಲ್ಲಿ ಕನ್ನಡವಾಗಿ ಕಾಣುವ ಬರಹ, ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತಿತ್ತು.

ಅದನ್ನು ಯೂನಿಕೋಡ್‌ಗೆ ತರುವುದು ಬರಿಯ ಅಕ್ಷರ ಬದಲಾವಣೆಯಲ್ಲ. ‘ಧರ್ಮ’ ಎಂಬ ಪದವನ್ನು ಹಳೆಯ ವ್ಯವಸ್ಥೆ ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಧ, ಮ, ಕೊನೆಗೆ ಅರ್ಕಾವತ್ತು ಎಂದು ಇಟ್ಟುಕೊಂಡಿರುತ್ತದೆ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸಿ ಧ, ರ್, ಮ ಎಂದು ಬಯಸುತ್ತದೆ. ಪರಿವರ್ತಿಸುವ ತಂತ್ರಾಂಶಕ್ಕೆ ಕನ್ನಡದ ವ್ಯಾಕರಣವಲ್ಲದಿದ್ದರೂ ಕಾಗುಣಿತವಾದರೂ ಗೊತ್ತಿರಬೇಕು. ಅಕಾರಾದಿ ಜೋಡಣೆ, ಹೆಸರಿನ ಹುಡುಕಾಟ ಇವೆರಡೂ ಈ ಕ್ರಮವನ್ನೇ ಅವಲಂಬಿಸಿವೆ.

ಇಷ್ಟೆಲ್ಲ ಸರಿಹೋದರೂ ಕಾಲಂನ ಅಗಲ ಕೈಕೊಡಬಹುದು. ಯೂನಿಕೋಡ್‌ನ ಬಹುಬಳಕೆಯ ರೂಪವಾದ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ‘ಕೃಷ್ಣಮೂರ್ತಿ’ ಎಂಬ ಹೆಸರನ್ನು ಬಿಡಿಸಿದರೆ ಕ, ವಟ್ರಸುಳಿ, ಷ, ವಿರಾಮ, ಣ, ಮ, ಊಕಾರ, ರ, ವಿರಾಮ, ತ, ಗುಡಿಸು ಹೀಗೆ ಹನ್ನೊಂದು ಘಟಕಗಳು, ಒಟ್ಟು 33 ಬೈಟ್. ಹೆಸರಿಗೆ 30 ಬೈಟ್ ಅಗಲ ಧಾರಾಳವೆಂದು ಯಾರೋ ಇಂಗ್ಲಿಷಿನ ಅಳತೆಯಲ್ಲಿ ಗೆರೆ ಎಳೆದಿದ್ದರೆ? ಶಿಸ್ತಿನ ವ್ಯವಸ್ಥೆ ಆ ದಾಖಲೆಯನ್ನೇ ತಿರಸ್ಕರಿಸುತ್ತದೆ. ಸಡಿಲ ವ್ಯವಸ್ಥೆ ಸದ್ದಿಲ್ಲದೆ ಕೊನೆಯ ಗುಡಿಸನ್ನು ಕತ್ತರಿಸಿ ‘ಕೃಷ್ಣಮೂರ್ತ’ ಎಂದು ಬರೆದುಕೊಳ್ಳುತ್ತದೆ. ಸದ್ದಿಲ್ಲದ ತಪ್ಪೇ ಹೆಚ್ಚು ಅಪಾಯಕಾರಿ. ಆಧಾರ್‌ನಲ್ಲಿ ಒಂದು ಹೆಸರು, ಪಿಂಚಣಿಯಲ್ಲಿ ಇನ್ನೊಂದು ಹೆಸರು. ‘ಇಬ್ಬರೂ ಒಬ್ಬರೇ’ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡುವ ಕರ್ಮ ಮಾತ್ರ ಕೃಷ್ಣಮೂರ್ತಿಯವರದು.

ಎರಡು ದೇಶಗಳ ಪಾಠ

ಈ ಕೆಲಸ ಹದಗೆಟ್ಟರೆ ಏನಾಗುತ್ತದೆಂದು ತಿಳಿಯಲು ಶ್ರೀಮಂತ ದೇಶಗಳ ಎರಡು ಪ್ರಸಂಗಗಳನ್ನು ನೋಡಬಹುದು. ಮೊದಲನೆಯದು ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನದು. ಲಾಯ್ಡ್ಸ್ ಬ್ಯಾಂಕಿನಿಂದ ಬೇರ್ಪಟ್ಟ ಮೇಲೂ ಅದು ಲಾಯ್ಡ್ಸ್‌ನ ಕಂಪ್ಯೂಟರ್ ವ್ಯವಸ್ಥೆಯನ್ನೇ ಬಾಡಿಗೆಗೆ ಬಳಸುತ್ತಿತ್ತು. ಸ್ಪೇನಿನ ಸಬಾಡೆಲ್ ಬ್ಯಾಂಕ್ ಅದನ್ನು 2015ರಲ್ಲಿ ಕೊಂಡುಕೊಂಡಿತು. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗ್ರಾಹಕರ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಒಮ್ಮೆಲೇ ಸಾಗಿಸಲಾಯಿತು. ಬಾಗಿಲು ತೆರೆದೊಡನೆ ವ್ಯವಸ್ಥೆ ಕುಸಿಯಿತು. ಲಕ್ಷಾಂತರ ಜನರಿಗೆ ಖಾತೆ ತೆರೆಯಲಾಗಲಿಲ್ಲ. ಕೆಲವರಿಗೆ ಬೇರೆಯವರ ಖಾತೆಯ ವಿವರ ಕಾಣಿಸಿತು. ಎಲ್ಲವೂ ಸಹಜ ಸ್ಥಿತಿಗೆ ಬರಲು ಆ ವರ್ಷದ ಡಿಸೆಂಬರ್ ಆಗಬೇಕಾಯಿತು. 2.25 ಲಕ್ಷಕ್ಕೂ ಹೆಚ್ಚು ದೂರುಗಳು ಬಂದವು, ಮುಖ್ಯಸ್ಥರು ಹುದ್ದೆ ಬಿಟ್ಟರು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆಗಳು 4 ಕೋಟಿ 86 ಲಕ್ಷ ಪೌಂಡ್‌ಗೂ ಹೆಚ್ಚಿನ ದಂಡ ವಿಧಿಸಿದವು.

ಗಮನಿಸಬೇಕಾದ ಸಂಗತಿಯೆಂದರೆ, ದತ್ತಾಂಶ ಸರಿಯಾಗಿಯೇ ತಲುಪಿತ್ತೆಂದು ಆ ನಿಯಂತ್ರಕರೇ ದಾಖಲಿಸಿದ್ದಾರೆ. ಸಾಮಾನು ಮುಕ್ಕಾಗದೆ ಬಂದಿತ್ತು, ಮನೆ ಸಿದ್ಧವಾಗಿರಲಿಲ್ಲ. ಜೊತೆಜೊತೆಗೆ ದುಡಿಯಬೇಕಿದ್ದ ಎರಡು ದತ್ತಾಂಶ ಕೇಂದ್ರಗಳ ಪೈಕಿ ಒಂದರಲ್ಲಿ ಮಾತ್ರ ಭಾರದ ಪರೀಕ್ಷೆ ನಡೆದಿತ್ತೆಂದು ಬ್ಯಾಂಕೇ ನೇಮಿಸಿದ್ದ ವಕೀಲರ ಸಂಸ್ಥೆಯ 2019ರ ವರದಿ ತಿಳಿಸಿತು. ತಾರೀಖು ಮೊದಲು ಘೋಷಿಸಿ ಸಿದ್ಧತೆಯನ್ನು ಅದಕ್ಕೆ ಹೊಂದಿಸಲು ಹೋದರೆ ಪರೀಕ್ಷೆಯೇ ಮೊದಲು ಬಲಿಯಾಗುತ್ತದೆ.

ಎರಡನೆಯದು ಕೆನಡಾದ್ದು. ಅಲ್ಲಿನ ಕೇಂದ್ರ ಸರ್ಕಾರ ನಲವತ್ತು ವರ್ಷ ಹಳೆಯದಾದ ಸಂಬಳ ಪಾವತಿ ವ್ಯವಸ್ಥೆಯ ಬದಲು ‘ಫೀನಿಕ್ಸ್’ ಎಂಬ ಹೊಸದನ್ನು 2016ರಲ್ಲಿ ಜಾರಿಗೆ ತಂದಿತು. ಸುಮಾರು 2.9 ಲಕ್ಷ ನೌಕರರು, 80 ಸಾವಿರಕ್ಕೂ ಹೆಚ್ಚು ವೇತನ ನಿಯಮಗಳು. ಇಲಾಖೆಗಳಲ್ಲಿ ಸಂಬಳದ ಲೆಕ್ಕ ನೋಡುತ್ತಿದ್ದ ಸುಮಾರು 1,200 ಹುದ್ದೆಗಳನ್ನು ತೆಗೆದುಹಾಕಿ, ದೂರದ ಒಂದು ಊರಿನಲ್ಲಿ ಸುಮಾರು 550 ಜನರ ಕೇಂದ್ರ ತೆರೆಯಲಾಯಿತು. ಖರ್ಚು ತಗ್ಗಿಸಲೆಂದು ತಂತ್ರಾಂಶದ ನೂರಕ್ಕೂ ಹೆಚ್ಚು ಕಾರ್ಯಗಳನ್ನು ಕೈಬಿಟ್ಟರು ಅಥವಾ ಮುಂದೂಡಿದರು. ಹಿಂದಿನ ಬಾಕಿ ವೇತನ ಲೆಕ್ಕ ಹಾಕುವ ಸೌಲಭ್ಯವೂ ಅದರಲ್ಲಿ ಸೇರಿತ್ತು. ಒಂದು ಇಲಾಖೆಯಲ್ಲಿ ನಡೆಯಬೇಕಿದ್ದ ಪ್ರಾಯೋಗಿಕ ಜಾರಿಯನ್ನೂ ರದ್ದುಪಡಿಸಿದರು. ಪರಿಣಾಮವಾಗಿ ಕೆಲವರಿಗೆ ಸಂಬಳವೇ ಬರಲಿಲ್ಲ, ಕೆಲವರಿಗೆ ಕಡಿಮೆ ಬಂತು, ಮತ್ತೆ ಕೆಲವರಿಗೆ ಹೆಚ್ಚು ಬಂದು ವಾಪಸಾತಿಯ ನೋಟಿಸ್ ಬೆನ್ನು ಹತ್ತಿತು. ಇದು ಗ್ರಹಿಕೆಗೇ ನಿಲುಕದ ವೈಫಲ್ಯವೆಂದು ಅಲ್ಲಿನ ಮಹಾಲೇಖಪಾಲರು 2018ರಲ್ಲಿ ಹೇಳಿದರು.

ಕೆನಡಾ ಕಳೆದುಕೊಂಡದ್ದು ತನ್ನ ಷರಾ ಕಾಲಂ ಅನ್ನು. ಯಾರ ರಜೆ ಯಾವ ನಿಯಮಕ್ಕೆ ಸೇರುತ್ತದೆ, ಯಾವ ಹುದ್ದೆಗೆ ಯಾವ ಭತ್ಯೆ, ಹಳೆಯ ಯಂತ್ರ ತಪ್ಪಿದಾಗ ಕೈಯಿಂದ ಹೇಗೆ ತಿದ್ದಬೇಕು ಎಂಬ ತಿಳಿವಳಿಕೆ ಪುಸ್ತಕದಲ್ಲಿ ಇರಲಿಲ್ಲ, ಗುಮಾಸ್ತರ ತಲೆಯಲ್ಲಿತ್ತು. ಅವರನ್ನು ಮೊದಲು ಮನೆಗೆ ಕಳಿಸಿ ಆಮೇಲೆ ಯಂತ್ರ ಚಾಲೂ ಮಾಡಿದ್ದು ಉಳಿತಾಯವಾಗಿ ಕಂಡಿತ್ತು.

ತಾಳೆ ನೋಡುವ ಕ್ರಮ

ಒಳ್ಳೆಯ ಸ್ಥಳಾಂತರ ಹೇಗಿರುತ್ತದೆಂಬುದು ಗುಟ್ಟೇನೂ ಅಲ್ಲ. ಮೊದಲು ಹಳೆಯ ದತ್ತಾಂಶವನ್ನು ಇದ್ದಹಾಗೆ ಪರಿಶೀಲಿಸಬೇಕು: ಯಾವ ಕಾಲಂ ಎಷ್ಟು ಖಾಲಿ ಇದೆ, ಯಾವ ತಾರೀಖು ಅಸಹಜವಾಗಿ ಮತ್ತೆ ಮತ್ತೆ ಬರುತ್ತಿದೆ, ಅತಿ ಉದ್ದದ ಹೆಸರು ಯಾವುದು. ಬಳಿಕ ಹಳೆಯ ಪ್ರತಿ ಕಾಲಂ ಹೊಸದರಲ್ಲಿ ಎಲ್ಲಿಗೆ ಹೋಗುತ್ತದೆಂಬ ಪಟ್ಟಿಯನ್ನು ಲಿಖಿತವಾಗಿ ಸಿದ್ಧಪಡಿಸಿ, ಅದಕ್ಕೆ ತಂತ್ರಜ್ಞರ ಜೊತೆಗೆ ಆ ವಿಷಯ ಬಲ್ಲ ಅಧಿಕಾರಿಯೂ ಸಹಿ ಮಾಡಬೇಕು. ನಿಜವಾದ ದಿನಕ್ಕೆ ಮುನ್ನ ಪೂರ್ಣ ದತ್ತಾಂಶದೊಡನೆ ಹಲವು ಬಾರಿ ತಾಲೀಮು ನಡೆಯಬೇಕು. ಏನಾದರೂ ಕೆಟ್ಟರೆ ಹಳೆಯ ವ್ಯವಸ್ಥೆಗೆ ಮರಳುವ ದಾರಿ ತೆರೆದಿರಬೇಕು, ಯಾವ ಗಂಟೆಯವರೆಗೆ ಮರಳಬಹುದೆಂಬುದೂ ಮೊದಲೇ ನಿಶ್ಚಯವಾಗಿರಬೇಕು.

ತಾಳೆ ನೋಡುವುದರಲ್ಲೂ ಮೂರು ಹಂತಗಳಿವೆ. ದಾಖಲೆಗಳ ಎಣಿಕೆ ಸರಿಯಿದೆಯೇ, ಮೊತ್ತಗಳು ಸರಿಯಿವೆಯೇ, ಒಂದೊಂದು ದಾಖಲೆಯೂ ಸರಿಯಿದೆಯೇ. ಮೊದಲೆರಡು ಸುಲಭ, ಸಾಮಾನ್ಯವಾಗಿ ಅಲ್ಲಿಗೇ ತೃಪ್ತಿಪಡಲಾಗುತ್ತದೆ. ಆದರೆ ಒಂದೇ ಹೆಸರಿನ ಇಬ್ಬರ ಠೇವಣಿಗಳು ಅದಲುಬದಲಾದರೆ ಎಣಿಕೆಯೂ ಬದಲಾಗುವುದಿಲ್ಲ, ಮೊತ್ತವೂ ಬದಲಾಗುವುದಿಲ್ಲ. ಬ್ಯಾಂಕಿನ ಲೆಕ್ಕ ಪೈಸೆಗೆ ಪೈಸೆ ಸರಿ, ಇಬ್ಬರು ಮನುಷ್ಯರ ಬದುಕು ತಪ್ಪು. ಮೂರನೆಯ ಹಂತದ ತಾಳೆಯನ್ನು ಪೂರ್ತಿಯಾಗಿ ಮಾಡಬಲ್ಲವನು ಒಬ್ಬನೇ: ಆ ದಾಖಲೆ ಯಾರದೋ ಅವನು.

ಆದ್ದರಿಂದಲೇ ದಾಖಲೆಯನ್ನು ಅಂತಿಮಗೊಳಿಸುವ ಮುನ್ನ ಸಂಬಂಧಪಟ್ಟವರಿಗೆ ತೋರಿಸಬೇಕೆಂಬ ತತ್ವ ಮುಖ್ಯವಾಗುತ್ತದೆ. ಬೆಂಗಳೂರಿನಲ್ಲಿ ಆಗ ಇದ್ದ ಬಿಬಿಎಂಪಿ 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಇ-ಖಾತೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿ, ನೋಡಿ ತಿದ್ದಿಸಿಕೊಳ್ಳಿ ಎಂದಿತು. ಕರಡನ್ನು ಬಹಿರಂಗಪಡಿಸಿದ್ದು ಸರಿಯಾದ ಹೆಜ್ಜೆ. ಆದರೆ ಅದೇ ವೇಳೆಗೆ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾದ್ದರಿಂದ, ಕಚೇರಿಯ ಪುಸ್ತಕದಲ್ಲಿದ್ದ ತಪ್ಪಿಗೆ ಮಾಲೀಕರು ದಾಖಲೆಗಳನ್ನು ಹೊತ್ತು ಅಲೆಯಬೇಕಾಯಿತು. ತೋರಿಸುವುದು ಬೇರೆ, ತಿದ್ದುವ ಭಾರವನ್ನು ಹೊರಿಸುವುದು ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಒಂದು ಪುಸ್ತಕ ಐದಾಗುವುದೂ ಸ್ಥಳಾಂತರವೇ. ಎಚ್ಚರದ ಅಗತ್ಯ ಹೆಚ್ಚಿದೆಯೇ ಹೊರತು ತಗ್ಗಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಬಳಸುವ ದತ್ತಾಂಶ ಪೂರ್ಣವೂ ನಿಖರವೂ ಆಗಿರಬೇಕೆಂಬ ಹೊಣೆಯನ್ನೂ ಸಂಸ್ಥೆಗಳ ಮೇಲೆ ಹೊರಿಸುತ್ತದೆ. ಈ ತತ್ವವನ್ನು ಸ್ಥಳಾಂತರದ ಕೆಲಸಕ್ಕೆ ಅನ್ವಯಿಸಿದರೆ ಕೆಲವು ಸರಳ ನಿಯಮಗಳು ಹೊರಡುತ್ತವೆ. ಹಳೆಯ ವ್ಯವಸ್ಥೆಯಲ್ಲಿ ಇದ್ದ ರೂಪವನ್ನು ಹೊಸದರೊಳಗೆ ಒಂದು ಕಾಲಂನಲ್ಲಿ ಇದ್ದಹಾಗೆ ಉಳಿಸಬೇಕು. ಅಂದಾಜಿನಿಂದ ತುಂಬಿದ್ದನ್ನು ಅಂದಾಜೆಂದೇ ಗುರುತಿಸಬೇಕು. ಹಳೆಯ ಪುಸ್ತಕವನ್ನು ಓದಲಿಕ್ಕಾದರೂ ಕೆಲವು ವರ್ಷ ಜೋಪಾನ ಮಾಡಬೇಕು. ಸ್ಥಳಾಂತರದ ನಂತರ ಮೊದಲ ಬಾರಿಗೆ ಕಂಡ ವ್ಯತ್ಯಾಸವನ್ನು, ಸಂಸ್ಥೆ ಬೇರೆ ಸಾಬೀತುಪಡಿಸುವ ತನಕ, ಸಂಸ್ಥೆಯದೇ ತಪ್ಪೆಂದು ಭಾವಿಸಿ ಶುಲ್ಕವಿಲ್ಲದೆ, ಪ್ರಮಾಣಪತ್ರ ಕೇಳದೆ ತಿದ್ದಿಕೊಡಬೇಕು. ಅಲ್ಲಿಯವರೆಗೆ ಪಿಂಚಣಿಯಾಗಲಿ, ಪಡಿತರವಾಗಲಿ, ಸಂಬಳವಾಗಲಿ ನಿಲ್ಲಬಾರದು.

ಇದಕ್ಕೆ ಹಣ ಬೇಕು, ಸಮಯ ಬೇಕು ಎಂಬ ವಾದ ಬರುತ್ತದೆ. ನಿಜ, ಬೇಕು. ಈಗಲೂ ಆ ಹಣ ಮತ್ತು ಸಮಯ ಖರ್ಚಾಗುತ್ತಲೇ ಇವೆ. ಟೆಂಡರಿನ ಮೊತ್ತದಲ್ಲಿ ಕಾಣಿಸಿಕೊಳ್ಳುವ ಬದಲು ಅವು ಬಸ್ ಚಾರ್ಜಿನಲ್ಲಿ, ಕಳೆದುಹೋದ ಕೂಲಿಯ ದಿನಗಳಲ್ಲಿ, ನೋಟರಿಯ ಶುಲ್ಕದಲ್ಲಿ, ಕಚೇರಿಯ ಮೆಟ್ಟಿಲ ಮೇಲೆ ಕಾದ ಗಂಟೆಗಳಲ್ಲಿ ಹಂಚಿಹೋಗಿವೆ. ಯಾವ ಇಲಾಖೆಯ ವೆಚ್ಚದ ಪಟ್ಟಿಯಲ್ಲೂ ಅವು ಸೇರುವುದಿಲ್ಲವಾದ್ದರಿಂದ ಯೋಜನೆ ಅಗ್ಗವಾಗಿ ಮುಗಿಯಿತೆಂದು ವರದಿ ಬರೆಯಲು ಸಾಧ್ಯವಾಗುತ್ತದೆ.

ತಂತ್ರಾಂಶಗಳು ಹಳತಾಗುತ್ತವೆ. ಬ್ಯಾಂಕುಗಳು ಇನ್ನೂ ಒಂದಾಗಬಹುದು, ಇಲಾಖೆಗಳು ಒಡೆಯಬಹುದು. ನಮ್ಮ ದಾಖಲೆಗಳು ಮುಂದೆಯೂ ಮನೆ ಬದಲಿಸುತ್ತಲೇ ಇರುತ್ತವೆ. ಹೊಸ ವ್ಯವಸ್ಥೆಯ ಉದ್ಘಾಟನೆಯಲ್ಲಿ ಅದರ ವೇಗವನ್ನೂ ಸೌಲಭ್ಯಗಳನ್ನೂ ಬಣ್ಣಿಸುವವರಿಗೆ ಕೊರತೆಯಿರುವುದಿಲ್ಲ. ನಾಗರಿಕರು ಅಂದು ಕೇಳಬೇಕಾದದ್ದು ಹಳೆಯ ಲೆಕ್ಕಿಗರು ಹೊಸ ಪುಸ್ತಕದ ಮೊದಲ ಸಾಲಿನಲ್ಲೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನು: ಹಿಂದಿನ ಶಿಲ್ಕು ಸರಿಯಾಗಿ ಬಂತೇ? ಉತ್ತರ ಹೇಳಲಾಗದ ವ್ಯವಸ್ಥೆಗೆ ಹಳೆಯ ಪುಸ್ತಕವನ್ನು ಮುಚ್ಚುವ ಅಧಿಕಾರವಿರಬಾರದು.